ಪಿತ್ತ ನೆತ್ತಿಗೇರಿದಾಗ ಗಪ್ಪ ಇರೂದು ಹೆಂಗ?

"ಅಣ್ಣಾ, ಗಪ್ಪ ಇದ್ರ ಚೊಲೋ ಅಂತ ನಮಗೂ ಗೊತ್ತೈತಿ, ಆದ್ರ ಆ ಹೊತ್ತಿನಾಗ ಬಾಯಿ ತಡೀಯಂಗಿಲ್ಲಲ್ಲ, ಅದಕ್ಕೇನ ಮಾಡೂದು?" ಈ ಪ್ರಶ್ನೆ ಬರದ ವಾರ ಇಲ್ಲ ನನಗ. ಕೇಳವ್ರು ಬ್ಯಾರೆ ಬ್ಯಾರೆ, ಬದುವಿನ ಜಗಳದಾಗ ಕೇಸ್ ಮೈಮ್ಯಾಲ ಎಳ್ಕೊಂಡವ್ರು, ಸಾಹೇಬ್ರಿಗೆ ಎದುರು ಮಾತಾಡಿ ಕೆಲಸ ಕಳ್ಕೊಂಡವ್ರು, ಮಗಳ ಮದುವಿ ಮಾತುಕತಿ ಅರ್ಧಕ್ಕ ಕೆಡಿಸ್ಕೊಂಡವ್ರು, ಆದ್ರ ಪ್ರಶ್ನೆ ಒಂದ. ಮಾತು ಬೆಳ್ಳಿ ಮೌನ ಬಂಗಾರ ಅಂತ ಶಾಲಿ ಗ್ವಾಡಿ ಮ್ಯಾಲೆ ಬರದಿರ್ತಾರ, ಆ ಬಂಗಾರ ಎಲ್ಲಿ ಅಗದು ತಗೀಬೇಕು ಅಂತ ಯಾರೂ ಬರದಿರಂಗಿಲ್ಲ. ಅದಕ್ಕ ಈ ಸಲ ಒಂದ ಕಡೆ ಪೂರ್ತಿ ಬರದಬಿಡ್ತೀನಿ, ಮುಂದ ಯಾರರ ಕೇಳಿದ್ರ ಇದನ್ನ ಕಳಿಸಿದ್ರಾತು.

ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಬಾಗಲಕೋಟಿ ಜಿಲ್ಲಾದಾಗ ಒಂದ ಸೊಸೈಟಿ ಕೌಂಟರಿನ್ಯಾಗ ಭಾಳ ವರ್ಷ ಕುಂತಾವ. ಸಾಲ ಸಿಗದವ್ರು, ಕಬ್ಬಿನ ಬಿಲ್ ಬರದವ್ರು, ಬಡ್ಡಿ ಲೆಕ್ಕ ಒಪ್ಪದವ್ರು, ಎಲ್ಲಾರ ಸಿಟ್ಟೂ ಮೊದಲ ಬೀಳೂದು ಕೌಂಟರಿನವನ ಮ್ಯಾಲೆ. ಮೊದಲಿನ ನಾಕೈದು ವರ್ಷ ನಾನೂ ತಿರುಗಿ ಒದರ್ತಿದ್ದೆ, ಸಂಜಿಗೆ ಮನಿಗೆ ಹೋದ್ರ ರೊಟ್ಟಿ ಇಳೀತಿರಲಿಲ್ಲ. ಆಮ್ಯಾಲ ಕಲತೆ. ಕೆಳಗ ಇರೂದೆಲ್ಲಾ ಹಂಗ ಕಲತದ್ದು, ಜೊತಿಗೆ ಕಾನೂನಿಂದು, ಮೈಯಿಂದು ಒಂದೆರಡು ಮಾಹಿತಿ ಸೇರ್ಸೀನಿ.

ಮೊದಲ ಒಂದ ಮಾತು ಸಾಫ್ ಮಾಡ್ಕೊಳ್ಳೂಣು

ಹೆದರಿ ಬಾಯಿ ಮುಚ್ಚೂದು ಬ್ಯಾರೆ. ಮುಖ ಗಂಟು ಹಾಕ್ಕೊಂಡು ಮೂರು ದಿನ ಮನ್ಯಾಗ ಮಾತ ಬಿಡೂದೂ ಬ್ಯಾರೆ, ಅದು ಮೌನ ಅಲ್ಲ, ಅದು ಸಪ್ಪಳ ಇಲ್ಲದ ಜಗಳ, ನಮ್ಮ ಕಡೆ ಗಂಡಸರು ಇದರಾಗ ಭಾಳ ಹುಷಾರು. ನಾನು ಹೇಳೂ ಗಪ್ಪ ಅಂದ್ರ ಇಷ್ಟ: ಎದುರಿನವ್ರ ಮಾತಿಗೂ ನಿಮ್ಮ ಉತ್ತರಕ್ಕೂ ನಡುವ ಸ್ವಲ್ಪ ಟೈಮ್ ಕೊಂಡ್ಕೊಳ್ಳೂದು. ಕೆಲವೊಮ್ಮೆ ಹತ್ತು ಸೆಕೆಂಡ್ ಸಾಕು, ಕೆಲವೊಮ್ಮೆ ಒಂದ ರಾತ್ರಿ ಬೇಕು. ಉತ್ತರ ಕೊಡಬ್ಯಾಡ್ರಿ ಅಂತ ನಾನು ಎಲ್ಲೂ ಹೇಳಂಗಿಲ್ಲ, ಕೊಡ್ರಿ, ಆದ್ರ ನೀವು ಕೊಡ್ರಿ, ನಿಮ್ಮ ಸಿಟ್ಟಿನ ಕೈಗೆ ಕೊಟ್ಟು ಕಳಸಬ್ಯಾಡ್ರಿ.

ಒಳಗ ಏನ ನಡೀತೈತಿ

ಇದು ಗೊತ್ತಿದ್ರ ಮುಂದಿನ ಹಂತ ಯಾಕ ಅಂತ ತಿಳೀತೈತಿ. ಯಾರರ ಬೆರಳ ತೋರಿಸಿ ಬೈದ್ರಂದ್ರ ಮೆದುಳಿನ್ಯಾಗ ಅಮಿಗ್ಡಲಾ ಅಂತ ಬಾದಾಮಿ ಬೀಜದ ಆಕಾರದ ಒಂದ ಸಣ್ಣ ಭಾಗ ಐತಿ, ಅಪಾಯ ಗುರುತು ಹಿಡಿಯೂದು ಅದರ ಕೆಲಸ, ಬೈಗಳ ಬಂದ್ರೂ ಮೈಮ್ಯಾಲ ಗೂಳಿ ಬಂದ್ರೂ ಅದು ಹೆಚ್ಚುಕಡಿಮಿ ಒಂದ ನಮೂನಿ ಗಂಟಿ ಬಾರಸ್ತೈತಿ. ಕಿಡ್ನಿ ಮ್ಯಾಲೆ ಟೋಪಿ ಹಂಗ ಕುಂತಿರೂ ಗ್ರಂಥಿಯಿಂದ ಅಡ್ರಿನಲಿನ್ ರಕ್ತಕ್ಕ ಬರ್ತೈತಿ, ಅಡ್ರಿನಲಿನ್ ಅಂದ್ರ ಬಡದಾಡಾಕ ಇಲ್ಲಾ ಓಡಿ ಹೋಗಾಕ ಮೈಗೆ ಸಿಗೂ ದಿಢೀರ್ ಜೋರು. ಸುಮ್ನ ಕುಂತಾಗ ದೊಡ್ಡವ್ರ ನಾಡಿ ನಿಮಿಷಕ್ಕ 60 ರಿಂದ 100 ಇರ್ತೈತಿ, ಅದು ಏರತೈತಿ, ಬಾಯಿ ಒಣಗತೈತಿ, ಕೈ ನಡಗತಾವ, ಕಿವಿ ಬಿಸಿ ಆಗತಾವ. ಹಣಿ ಹಿಂದಿನ ಮೆದುಳು, ಮುಂದ ಏನಾಗತೈತಿ ಅಂತ ಲೆಕ್ಕ ಹಾಕೂ ಭಾಗ, ಆ ಗದ್ದಲದಾಗ ಹಿಂದ ಬೀಳ್ತೈತಿ. ಅದಕ್ಕ ಸಿಟ್ಟಿನ್ಯಾಗ ಆಡಿದ ಮಾತು ಆಮ್ಯಾಲ ನೆನಸ್ಕೊಂಡ್ರ "ನಾನ ಹಂಗ ಅಂದ್ನೇನು?" ಅನಸೂದು.

ಅಂದ್ರ ಸಿಟ್ಟು ಬರೂದು ನಿಮ್ಮ ತಪ್ಪಲ್ಲ, ಅದು ಮೈ ಕೆಲಸ. ಮೈಯಿಂದ ಶುರು ಆದದ್ದನ್ನ ಮೈಯಿಂದನ ಇಳಸಬೇಕು, ಬರೇ ಮನಸ್ಸಿಗೆ ಬುದ್ಧಿ ಹೇಳಿದ್ರ ಕೇಳಂಗಿಲ್ಲ.

ಏನೇನ ಬೇಕು

ರೊಕ್ಕ ಬೇಕಿಲ್ಲ. ಒಂದ ಸಣ್ಣ ಪಾಕೆಟ್ ನೋಟ್‌ಬುಕ್, ಒಂದ ಪೆನ್ನು. ಮೊದಲ ಬಾಯಿಪಾಠ ಮಾಡಿದ ಒಂದೆರಡು ವಾಕ್ಯ. ಫೋನ್ ಹಚ್ಚಿದ್ರ ಬೆಂಕಿಗೆ ಎಣ್ಣಿ ಸುರೀದ ಒಬ್ಬ ಮನಷ್ಯಾ, ಅಂದ್ರ "ಬಿಡಬ್ಯಾಡ ಅವಗ, ನಾ ಬರ್ತೀನಿ" ಅನ್ನೂ ಗೆಳ್ಯಾ ಅಲ್ಲ, "ಏನಾತು, ಸಾವಕಾಶ ಹೇಳು" ಅನ್ನೂ ಕಾಕಾನೋ ಅಕ್ಕಾನೋ. ಮತ್ತ ಜಗಳ ಇಲ್ಲದ ದಿನ ದಿನಾ ಐದ ನಿಮಿಷ ರೂಢಿ. ಈ ಕಡೀದನ್ನ ಎಲ್ಲಾರೂ ಬಿಡ್ತಾರ, ಆಮ್ಯಾಲ "ನಿಮ್ಮ ಉಪಾಯ ನಡೀಲಿಲ್ಲರೀ" ಅಂತಾರ. ಈಜು ಕಲಿಯೂದು ಹೊಳಿ ತುಂಬಿ ಬಂದ ದಿನ ಅಲ್ಲಲ್ರಿ.

ಹಂತ 1: ಬಾಯಿಗಿಂತ ಮೊದಲ ದವಡಿ, ಕೈ, ಕಾಲು

ಸಿಟ್ಟು ಬಂತು ಅಂತ ಮೊದಲ ತಿಳಿಯೂದು ದವಡಿಗೆ, ಹಲ್ಲು ಹಲ್ಲಿಗೆ ಒತ್ತಿರ್ತಾವ. ದವಡಿ ಸಡಲ ಬಿಡ್ರಿ, ನಾಲಗಿ ಅಂಗುಳದಿಂದ ಕೆಳಗ ಇಳೀಲಿ. ಮುಷ್ಟಿ ಬಿಚ್ರಿ. ಎರಡೂ ಪಾದ ನೆಲಕ್ಕ ಪೂರ್ತಿ ಊರ್ರಿ, ಚಪ್ಪಲ್ ಒಳಗ ಬೆರಳು ಆಡಸ್ರಿ, ನಗ್ತೀರಿ ಆದ್ರ ಮಾಡಿ ನೋಡ್ರಿ. ನಿಂತಿದ್ರ ಕುಂದರ್ರಿ, ಕುಂತು ಜಗಳಾಡೂದು ನಿಂತು ಆಡಿದಷ್ಟ ಸರಳ ಅಲ್ಲ. ಕೌಂಟರಿಗೆ ಸಿಟ್ಟಿನ್ಯಾಗ ಬಂದವ್ರಿಗೆ ನಾ ಮೊದಲ ಖುರ್ಚಿ ತೋರಸ್ತಿದ್ದೆ, ಆಮ್ಯಾಲ ನೀರು, ಆಮ್ಯಾಲ ಮಾತು.

ಎಚ್ಚರ: ಕೈ ಕಟ್ಟಿ ನಿಂದರಬ್ಯಾಡ್ರಿ, ಸೊಂಟದ ಮ್ಯಾಲ ಕೈ ಇಡಬ್ಯಾಡ್ರಿ. ನೀವು ಗಪ್ಪ ಇದ್ರೂ ನಿಮ್ಮ ಮೈ ಬೈದಂಗ ಕಾಣ್ತೈತಿ.

ಹಂತ 2: ಉಸಿರು ತಗೊಳ್ಳೂದಲ್ಲ, ಬಿಡೂದು

ಎಲ್ಲಾರೂ "ದೀರ್ಘ ಉಸಿರು ತಗೋ" ಅಂತಾರ, ಕೇಳವ್ರು ಬುಸ್ ಬುಸ್ ಅಂತ ಎದಿ ತುಂಬ ಎಳಕೋತಾರ, ತಲಿ ತಿರಗತೈತಿ, ಕೈ ಜುಮ್ ಅಂತಾವ. ಗುಟ್ಟು ಇರೂದು ಹೊರಗ ಬಿಡೂದ್ರಾಗ. ಮಣಿಕಟ್ಟಿನ ಮ್ಯಾಲ ಎರಡ ಬೆರಳ ಇಟ್ಟು ನಾಡಿ ನೋಡ್ಕೋತ ಸಾವಕಾಶ ಉಸಿರಾಡ್ರಿ, ಎಳಕೊಂಡಾಗ ನಾಡಿ ಚೂರು ಜೋರಾಗತೈತಿ, ಬಿಟ್ಟಾಗ ನಿಧಾನ ಆಗತೈತಿ. ವೇಗಸ್ ಅಂತ ಒಂದ ಉದ್ದ ನರ ಮೆದುಳಿನಿಂದ ಹೃದಯ, ಹೊಟ್ಟಿ ತನಕ ಇಳದೈತಿ, ಗಾಡಿಗೆ ಬ್ರೇಕ್ ಹೆಂಗೋ ಹೃದಯಕ್ಕ ಅದು ಹಂಗ. ಉಸಿರು ಉದ್ದಕ್ಕ ಬಿಟ್ಟಾಗ ಆ ಬ್ರೇಕ್ ಹತ್ತತೈತಿ.

ಲೆಕ್ಕ ಇಷ್ಟ: ಮೂಗಿನಿಂದ ಒಳಗ ನಾಕು ಎಣಿಸೂತನಕ, ಹೊರಗ ಆರು ಎಣಿಸೂತನಕ. ಅಂದ್ರ ನಿಮಿಷಕ್ಕ 6 ಉಸಿರು, ಸಾದಾ ಹೊತ್ತಿನಾಗ ನಮ್ಮದು 12 ರಿಂದ 20 ಇರ್ತೈತಿ. ಜಗಳದ ನಡುವ ಮೂರ ಉಸಿರು ಸಾಕು, ಅರ್ಧ ನಿಮಿಷ, ಯಾರಿಗೂ ಗೊತ್ತಾಗಂಗಿಲ್ಲ. ಮನ್ಯಾಗ ರೂಢಿ ಮಾಡವ್ರು ಭ್ರಾಮರಿ ಮಾಡ್ರಿ, ದುಂಬಿ ಹಂಗ ಮ್ ಅಂತ ಗುಂಯ್ಗುಟ್ಟಿ ಉಸಿರು ಬಿಡೂ ಪ್ರಾಣಾಯಾಮ, ಅದ್ರಾಗ ಉಸಿರು ತಾನ ಉದ್ದ ಆಗತೈತಿ. ದಮ್ಮು, ಹೃದಯದ ತೊಂದ್ರಿ ಇದ್ದವ್ರು ಉಸಿರು ಹಿಡದು ನಿಲ್ಲಸೂ ಸಾಹಸಕ್ಕ ಹೋಗಬ್ಯಾಡ್ರಿ, ಎಣಿಕಿ ಕಮ್ಮಿ ಮಾಡ್ಕೊಳ್ರಿ.

ಹಂತ 3: ತಯಾರಿಟ್ಟ ಒಂದ ವಾಕ್ಯ

ಪೂರ್ತಿ ಮೂಕ ಆದ್ರ ಎದುರಿನವ್ರಿಗೆ ಸೊಕ್ಕು ಅನಸತೈತಿ, ಹಿಂಗಾಗಿ ಒಂದ ವಾಕ್ಯ ಬೇಕು, ಅದನ್ನ ಆ ಹೊತ್ತಿನಾಗ ಹುಡಕಾಕ ಆಗಂಗಿಲ್ಲ, ಮೊದಲ ಇರಬೇಕು. ಹಿರಿಯಾರ ಮುಂದ: "ಕಾಕಾ, ನೀವು ಹೇಳ್ರಿ, ನಾ ಕೇಳಾಕತ್ತೀನಿ." ಆಫೀಸಿನ್ಯಾಗ: "ಸರ್, ನೋಡಿ ಹೇಳ್ತೀನ್ರಿ, ಸ್ವಲ್ಪ ಟೈಮ್ ಕೊಡ್ರಿ." ಮನ್ಯಾಗ: "ಯವ್ವಾ, ಊಟಾ ಮಾಡಿ ಮಾತಾಡೂಣಂತ." ಇದನ್ನ ಬಚ್ಚಲಮನ್ಯಾಗ ನಿಂತು ಹತ್ತ ಸಲ ಬಾಯಿಬಿಟ್ಟು ಹೇಳ್ರಿ, ನಾಲಗಿಗೆ ರೂಢಿ ಆಗಬೇಕು.

ಹೇಳಬಾರದ್ದು ಯಾವು ಅಂದ್ರ, "ಶಾಂತ ಆಗ್ರಿ", "ಯಾಕ ಒದರ್ತೀರಿ", "ನಿಮ್ಮ ಜೋಡಿ ಏನ ಮಾತು". ಸಿಟ್ಟಿನವ್ರಿಗೆ ಶಾಂತ ಆಗ್ರಿ ಅಂದು ಶಾಂತ ಆದವ್ರನ್ನ ನಾ ಇನ್ನೂ ನೋಡಿಲ್ಲ.

ಹಂತ 4: ಅವ್ರದು ಮುಗೀಲಿ

ಇದು ಎಲ್ಲಾಕ್ಕಿಂತ ಕಠಿಣ, ಮತ್ತ ಎಲ್ಲಾಕ್ಕಿಂತ ಫಾಯದೇದ್ದು. ಕೌಂಟರಿನ್ಯಾಗ ಕುಂತು ನಾ ಕಂಡದ್ದೇನಂದ್ರ, ಸಿಟ್ಟಿಗೆದ್ದ ಮನಷ್ಯಾ ತನ್ನ ಮಾತನ್ನ ಮೊದಲ ಸಲ ಒದರಿ ಹೇಳ್ತಾನ, ಎರಡನೇ ಸಲ ಇನ್ನೂ ಜೋರಾಗಿ ಹೇಳ್ತಾನ, ಯಾರೂ ಅಡ್ಡ ಬರಲಿಲ್ಲಂದ್ರ ಮೂರನೇ ಸಲಕ್ಕ ದನಿ ತಾನ ಇಳೀತೈತಿ, ಖರೇ ತೊಂದ್ರಿ ಏನಂತ ಆವಾಗ ಹೊರಗ ಬರ್ತೈತಿ. ಬಡ್ಡಿ ಜಾಸ್ತಿ ಹಾಕೀರಿ ಅಂತ ಒದರಿದಾಂವ ಮೂರನೇ ಸಲಕ್ಕ "ಮಗನ ಫೀ ಕಟ್ಟಬೇಕಿತ್ರಿ" ಅಂತಾನ. ನೀವು ಮೊದಲನೇ ಸಲಕ್ಕ ಬಾಯಿ ಹಾಕಿದ್ರ ಆ ಮೂರನೇ ಮಾತು ಬರೂದ ಇಲ್ಲ.

ಅವ್ರು ತಪ್ಪು ಅಂಕಿ ಹೇಳಿದ್ರೂ ಆಗ ತಿದ್ದಬ್ಯಾಡ್ರಿ, ಆಮ್ಯಾಲ ತಿದ್ರಿ.

ಒಂದ ಎಚ್ಚರ, ಇದು ನಮ್ಮ ಕಡೀದು. ಕೇಳಾಕತ್ತೀನಿ ಅಂತ ತೋರಸಾಕ ನಾವು ಮಾತಿಗೊಮ್ಮೆ "ಹೂಂ, ಹೂಂ" ಅಂತೀವಿ. ರೊಕ್ಕದ ವ್ಯವಹಾರ, ಪಾಲಿನ ಮಾತು, ಮದುವಿ ಮಾತುಕತಿಯಾಗ ಹೂಂ ಅಂದ್ರ ಒಪ್ಪಿದಂಗ. "ನಿನ್ನೆ ದೈವದ ಮುಂದ ಹೂಂ ಅಂದಿದ್ದಿ" (ದೈವ ಅಂದ್ರ ಕೂಡಿದ ಊರ ಮಂದಿ) ಅಂತ ಹಿರಿಯಾರೆಲ್ಲಾ ಸಾಕ್ಷಿ ಆಗ್ತಾರ. ಅಲ್ಲಿ ಹೂಂ ಬಿಡ್ರಿ, "ಕೇಳಾಕತ್ತೀನ್ರಿ" ಅನ್ರಿ.

ಹಂತ 5: ದನಿ ಒಂದ ಮೆಟ್ಟಲ ಕೆಳಗ

ನಿಮ್ಮ ಪಾಳಿ ಬಂದಾಗ ಎದುರಿನವ್ರ ದನಿಗಿಂತ ಕೆಳಗ, ನಿಮ್ಮ ಸಾದಾ ವೇಗಕ್ಕಿಂತ ನಿಧಾನ ಮಾತಾಡ್ರಿ. ವಿಜಯಪುರದ ಗೋಳಗುಮ್ಮಟ ನೋಡಿದವ್ರಿಗೆ ಇದು ಲಗೂನ ತಿಳೀತೈತಿ. 1656ರಾಗ ಮುಗದ ಆ ಗುಮ್ಮಟದ ಮ್ಯಾಲಿನ ಪಿಸುಮಾತಿನ ಗ್ಯಾಲರಿಯಾಗ ಸಾಲಿ ಹುಡುಗ್ರು ಟ್ರಿಪ್ಪಿಗೆ ಬಂದು ಎಲ್ಲಾರೂ ಕೂಡೆ ಚೀರತಾರ, ಚೀರಿದ್ದ ಹತ್ತಾರು ಸಲ ತಿರುಗಿ ಬಂದು ಯಾರದೂ ಒಂದಕ್ಷರ ತಿಳಿಯಂಗಿಲ್ಲ. ಹುಡುಗ್ರು ಇಳದು ಹೋಗೂತನಕ ಕಾದು, ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ರಿ, ಆಚಿ ದಂಡಿ ಗ್ವಾಡಿಗೆ ಕಿವಿ ಹಚ್ಚಿದವ್ರಿಗೆ ಪೂರ್ತಿ ಮಾತು ಕೇಳಸತೈತಿ. ಅದ ಊರಾಗ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು, 2023ರ ಜನವರಿ 2ಕ್ಕ ತೀರಿಹೋದ್ರು, ಅವ್ರ ಪ್ರವಚನ ಕೇಳಿದವ್ರಿಗೆ ನೆನಪಿರಬೇಕು, ಆ ಮೆಲ್ಲಕಿನ ದನಿಗೆ ಸಾವಿರಾರು ಮಂದಿ ಗಪ್ಪ ಕುಂದರ್ತಿದ್ರು. ದನಿ ಇಳದ್ರ ಎದುರಿನವ್ರು ಕಿವಿ ಕೊಡಬೇಕಾಗತೈತಿ, ಕಿವಿ ಕೊಡಬೇಕಂದ್ರ ತಮ್ಮ ಬಾಯಿ ಮುಚ್ಚಬೇಕಾಗತೈತಿ. ಆದ್ರ ಹಲ್ಲು ಕಚ್ಚಿ ಮೆಲ್ಲಕ ಮಾತಾಡಿದ್ರ ಅದು ಧಮಕಿ ಹಂಗ ಕೇಳಸತೈತಿ, ಮೊದಲ ಹಂತದ ದವಡಿ ನೆನಪಿಟ್ಕೊಳ್ರಿ.

ಹಂತ 6: ಬರಕೊಳ್ರಿ

ನೋಟ್‌ಬುಕ್ ತಗದು "ಒಂದ ನಿಮಿಷರಿ, ಬರಕೋತೀನಿ, ಆಮ್ಯಾಲ ಮರೀಬಾರದು" ಅಂತ ಬರಿಯಾಕ ಶುರು ಮಾಡ್ರಿ. ತಾರೀಖು, ಟೈಮು, ಯಾರ್ಯಾರು ಇದ್ರು, ಏನ ಅಂದ್ರು. ನಿಮ್ಮ ಕೈಗೆ ಕೆಲಸ ಸಿಗತೈತಿ, ಎದುರಿನವ್ರು ಮಾತು ತೂಗಿ ಆಡ್ತಾರ, ಮುಂದ ಏನರ ಆದ್ರ ನಿಮ್ಮ ಹತ್ರ ದಾಖಲಿ ಇರ್ತೈತಿ. ಮೊಬೈಲ್ ತಗದು ಮುಖದ ಮುಂದ ಹಿಡದು ವಿಡಿಯೋ ಮಾಡೂದು ಇದ್ರಾಗ ಬರಂಗಿಲ್ಲ, ಅದು ಸಿಟ್ಟು ಏರಸತೈತಿ, ಮೊಬೈಲೂ ಹೋಗತೈತಿ.

ಹಂತ 7: ಜಾಗ ಬಿಡ್ರಿ, ಆದ್ರ ಟೈಮ್ ಹೇಳಿ ಬಿಡ್ರಿ

ಆರೂ ಹಂತ ಮಾಡಿದ್ರೂ ಒಳಗ ಕುದೀತಿದ್ರ ಎದ್ದು ಹೋಗ್ರಿ. ಸುಮ್ನ ಎದ್ದು ಹೋದ್ರ ಅವಮಾನ ಮಾಡಿದಂಗ, "ಇಪ್ಪತ್ತು ನಿಮಿಷದಾಗ ಬರ್ತೀನ್ರಿ" ಅಂತ ಹೇಳಿ ಹೋಗ್ರಿ. ಏರಿದ ನಾಡಿ ಇಳೀಲಿಕ್ಕ ಅಷ್ಟರ ಹೊತ್ತು ಬೇಕು ಅನ್ನೂದು ನನ್ನ ಲೆಕ್ಕ. ಆ ಇಪ್ಪತ್ತು ನಿಮಿಷ ಚಾದಂಗಡಿಯಾಗ ಕುಂತು ನಾಕ ಮಂದಿ ಮುಂದ ಅದ ಕತಿ ಹೇಳ್ಕೋತ ಕುಂತ್ರ ಸಿಟ್ಟು ಎರಡಪಟ್ಟಾಗಿ ಬರ್ತೀರಿ, ನಡ್ಯಾಡ್ರಿ, ಮುಖ ತೊಳ್ಕೊಳ್ರಿ. ಮತ್ತ ಹೇಳಿದ ಟೈಮಿಗೆ ತಿರುಗಿ ಬರ್ರಿ, ಬರಲಿಲ್ಲಂದ್ರ ಮುಂದಿನ ಸಲ ನಿಮ್ಮ ಮಾತು ಯಾರೂ ನಂಬಂಗಿಲ್ಲ.

ಇನ್ನ ಇದನ್ನ ಎಲ್ಲೆಲ್ಲಿ ಹೆಂಗ ಹಚ್ಚೂದು ಅಂತ ನೋಡೂಣು, ಮಂದಿ ಹೆಚ್ಚಗಿ ಕೇಳೂವಷ್ಟ.

ಬದುವಿನ ಜಗಳ

ನಮ್ಮ ಕಡೆ ಅಣ್ಣತಮ್ಮರನ್ನ ಕೋರ್ಟ್ ಮೆಟ್ಟಲ ಹತ್ತಿಸಿದ್ದು ಅರ್ಧ ಇದ. ಬಾಜೂ ಹೊಲದಾಂವ ಟ್ರ್ಯಾಕ್ಟರ್ ಹೊಡಿಯಾಗ ಬದುವ ಒಂದ ಮೊಳ ಒತ್ತ್ಯಾನ, ನೀವು ಮುಂಜಾನೆ ಹೋಗಿ ನೋಡ್ತೀರಿ, ಕೈಯಾಗ ಕುಡಗೋಲು ಇರ್ತೈತಿ. ಮೊದಲ ಆ ಕುಡಗೋಲು ಕೆಳಗಿಡ್ರಿ, ಇದು ಎಲ್ಲಾ ಹಂತಕ್ಕಿಂತ ಮೊದಲಿನ ಹಂತ. ಆ ದಿನ ಹೊಲದಾಗ ನಿಂತು ಯಾವ ಮಾತೂ ಬ್ಯಾಡ. ಒಂದ ಮೊಳ ಭೂಮಿ ನಾಳಿಗೂ ಅಲ್ಲೇ ಇರ್ತೈತಿ, ಎಲ್ಲೂ ಓಡಿ ಹೋಗಂಗಿಲ್ಲ. ಮನಿಗೆ ಬಂದು ಉತಾರ (ಪಹಣಿ) ತಗಸ್ರಿ, ನಾಡಕಚೇರಿಗೆ ಹೋಗಿ ಹದ್ದುಬಸ್ತಿಗೆ ಅರ್ಜಿ ಕೊಡ್ರಿ. ಹದ್ದುಬಸ್ತು ಅಂದ್ರ ಸರ್ಕಾರಿ ಸರ್ವೇದಾರ ಬಂದು ನಕಾಶಿ ಪ್ರಕಾರ ಅಳದು ನಿಮ್ಮ ಹೊಲದ ಗಡಿ ಗುರುತು ಮಾಡಿಕೊಡೂದು, ಅಳಿಯೂ ಮೊದಲ ಬಾಜೂ ಹೊಲದವ್ರಿಗೂ ನೋಟಿಸ್ ಹೋಗತೈತಿ. ಅಳತಿ ದಿನ ಇಬ್ಬರೂ ನಿಂತಿರ್ತೀರಿ, ಅವತ್ತ ಮತ್ತ ಹಂತ 1 ರಿಂದ ಶುರು ಮಾಡ್ರಿ, ಯಾಕಂದ್ರ ಅಳತಿ ನಿಮ್ಮ ವಿರುದ್ಧನೂ ಬರಬಹುದು, ಆ ಒಂದ ಮೊಳ ಖರೇನ ಅವನದ ಇರಬಹುದು. ಆವಾಗ ಮುಂಜಾನೆ ಆಡದ ಉಳದ ಮಾತು ಎಷ್ಟ ಬೆಲಿದ್ದು ಅಂತ ತಿಳೀತೈತಿ.

ಬೈದ್ರ ಏನಾಗತೈತಿ ಅನ್ನವ್ರಿಗೆ: 2024ರ ಜುಲೈ 1 ರಿಂದ ಜಾರಿ ಇರೂ ಭಾರತೀಯ ನ್ಯಾಯ ಸಂಹಿತೆಯಾಗ ಬೇಕಂತ ಅವಮಾನ ಮಾಡಿ ಕೆಣಕೂದಕ್ಕ 352ನೇ ಕಲಂ ಐತಿ, ಧಮಕಿ ಹಾಕೂದಕ್ಕ 351. ಬದುವ ಒತ್ತಿದಾಂವ ಅವ, ಸ್ಟೇಷನ್ ಕಟ್ಟಿ ಮ್ಯಾಲೆ ಕುಂದರಾವ ನೀವು, ಇದು ನಾ ಕಣ್ಣಾರೆ ಎಷ್ಟೋ ಸಲ ನೋಡೀನಿ.

ಸರ್ಕಾರಿ ಕಚೇರಿ ಕೌಂಟರ್

"ನಾಳೆ ಬರ್ರಿ" ಅನ್ನೂದನ್ನ ಐದನೇ ಸಲ ಕೇಳಿದಾಗ ಟೇಬಲ್ ಬಡೀಬೇಕು ಅನಸತೈತಿ, ಅನಸೂದ ಬೇಕು. ಆದ್ರ ಕೊರಳಪಟ್ಟಿಗೆ ಕೈ ಹಾಕಿದ್ರ ಅದ ನ್ಯಾಯ ಸಂಹಿತೆಯ 132ನೇ ಕಲಂ, ಸರ್ಕಾರಿ ನೌಕರನ ಕೆಲಸಕ್ಕ ಬಲ ಬಳಸಿ ಅಡ್ಡಿ, ಎರಡ ವರ್ಷದ ತನಕ ಶಿಕ್ಷಾ. ಅದರ ಬದಲಿ ಮೆಲ್ಲಕ ಕೇಳ್ರಿ: "ಸರ್, ಇದರ ಸಕಾಲ ನಂಬರ್ ಕೊಡ್ರಿ." 2011ರ ಸಕಾಲ ಕಾಯ್ದೆ ಪ್ರಕಾರ ಪಟ್ಟಿಯಾಗ ಇರೂ ಸೇವೆಗೆ ಅರ್ಜಿ ಕೊಟ್ರ 15 ಅಂಕಿ ನಂಬರ್ ಇರೂ ರಸೀದಿ ಕೊಡಬೇಕು, ಇಷ್ಟ ದಿನದಾಗ ಕೆಲಸ ಆಗಬೇಕು ಅಂತ ಗಡುವು ಐತಿ, ತಡ ಆದ್ರ ದಿನಕ್ಕ 20 ರೂಪಾಯಿ ಹಂಗ ಜಾಸ್ತಿ ಅಂದ್ರ 500 ರೂಪಾಯಿ ಪರಿಹಾರ ಕೇಳಬಹುದು. ರೊಕ್ಕ ಸಣ್ಣದು, ಆದ್ರ ಒದರಿದವನಿಗಿಂತ ನಂಬರ್ ಕೇಳಿದವನಿಗೆ ಕಚೇರಿ ಜಾಸ್ತಿ ಹೆದರತೈತಿ. ಅದಕ್ಕೂ ಆಗಲಿಲ್ಲಂದ್ರ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ, 30 ದಿನದಾಗ ಉತ್ತರ ಕೊಡಬೇಕು.

ಹೆದರಿಕಿ ಫೋನ್ ಬಂದಾಗ

ಇಲ್ಲಿ ಸಿಟ್ಟಲ್ಲ, ಅಂಜಿಕಿ, ಆದ್ರ ಒಳಗ ನಡಿಯೂದು ಅದ ಅಡ್ರಿನಲಿನ್. "ನಿಮ್ಮ ಹೆಸರಿನ ಪಾರ್ಸಲ್ಲಿನ್ಯಾಗ ಮಾದಕ ವಸ್ತು ಸಿಕ್ಕೈತಿ, ನಿಮ್ಮ ಮ್ಯಾಲೆ ವಾರಂಟ್ ಐತಿ, ವಿಡಿಯೋ ಕಾಲ್ ಬಂದ್ ಮಾಡಬ್ಯಾಡ್ರಿ, ಮನಿಯವ್ರಿಗೆ ಹೇಳಬ್ಯಾಡ್ರಿ" ಅಂತ ಖಾಕಿ ಅಂಗಿ ಹಾಕ್ಕೊಂಡು ಒಬ್ಬಾಂವ ಸ್ಕ್ರೀನ್ ಮ್ಯಾಲೆ ಬರ್ತಾನ. ಇದಕ್ಕ ಡಿಜಿಟಲ್ ಅರೆಸ್ಟ್ ಅಂತ ಹೆಸರಿಟ್ಟಾರ, ಅಂದ್ರ ಫೋನಿನ್ಯಾಗನ ನಿಮ್ಮನ್ನ ಬಂಧಿಸೀವಿ ಅನ್ನೂ ನಾಟಕ. ನಮ್ಮ ಕಾನೂನಿನ್ಯಾಗ ಹಂತಾದ್ದು ಇಲ್ಲ, ಪೊಲೀಸ್ರಾಗ್ಲಿ ಕೋರ್ಟಾಗ್ಲಿ ವಿಡಿಯೋ ಕಾಲ್ ಮ್ಯಾಲೆ ಅರೆಸ್ಟ್ ಮಾಡಂಗಿಲ್ಲ, ಕೇಸ್ ಮುಗಸಾಕ ನಿಮ್ಮ ಅಕೌಂಟಿನ ರೊಕ್ಕ ಕಳಸ್ರಿ ಅಂತ ಕೇಳಂಗಿಲ್ಲ. ಅವ್ರ ಆಟ ಎಲ್ಲಾ ನಿಂತಿರೂದು ನಿಮಗ ವಿಚಾರ ಮಾಡಾಕ ಐದ ನಿಮಿಷ ಸಿಗಬಾರದು ಅನ್ನೂದ್ರ ಮ್ಯಾಲೆ. ಆ ಐದ ನಿಮಿಷ ನೀವ ತಗೊಳ್ರಿ. ಇಲ್ಲಿ ತಯಾರಿಟ್ಟ ವಾಕ್ಯನೂ ಬ್ಯಾಡ, ಸೌಜನ್ಯನೂ ಬ್ಯಾಡ, ಫೋನ್ ಕಟ್ ಮಾಡ್ರಿ, ನೀರ ಕುಡೀರಿ, ಮನಿಯವ್ರಿಗೆ ಹೇಳ್ರಿ. ರೊಕ್ಕ ಹೋಗಿದ್ರ ಒಂದ ನಿಮಿಷ ತಡ ಮಾಡದ 1930ಕ್ಕ ಫೋನ್ ಹಚ್ರಿ, ಸೈಬರ್ ವಂಚನೆಗಂತನ ಇರೂ ನಂಬರ್ ಅದು, ಲಗೂ ತಿಳಿಸಿದಷ್ಟು ರೊಕ್ಕ ನಡುವ ತಡಿಯೂ ಅವಕಾಶ ಜಾಸ್ತಿ. ಮರ್ಯಾದಿಗೆ ಅಂಜಿ ಗಪ್ಪ ಕುಂದರೂದು ಇಲ್ಲಿ ದೊಡ್ಡ ತಪ್ಪು.

ಖರೇನ ಪೊಲೀಸ್ ಸ್ಟೇಷನ್ನಿಗೆ ಕರದ್ರ? ಗೌರವದಿಂದ ಹೋಗ್ರಿ, ಹೆಸರು ವಿಳಾಸ ಹೇಳ್ರಿ. ಆರೋಪಿ ಅಂತ ನಿಂತಾಗ ತನ್ನ ವಿರುದ್ಧ ತಾನ ಸಾಕ್ಷಿ ಹೇಳಬೇಕಂತ ಒತ್ತಾಯ ಮಾಡಂಗಿಲ್ಲ ಅಂತ ಸಂವಿಧಾನದ 20(3)ನೇ ವಿಧಿ ಹೇಳತೈತಿ, ಬಂಧಿಸಿದ್ರ ಕಾರಣ ತಿಳಕೊಳ್ಳೂ ಹಕ್ಕು, ವಕೀಲರನ್ನ ಕೇಳೂ ಹಕ್ಕು 22ನೇ ವಿಧಿಯಾಗ ಐತಿ. "ವಕೀಲರನ್ನ ಕೇಳಿ ಹೇಳ್ತೀನ್ರಿ" ಅನ್ನೂದು ಅಪರಾಧ ಅಲ್ಲ.

ಹಾವು ಕಡದಾಗ

ಇದನ್ನ ಯಾಕ ಇಲ್ಲಿ ಹಾಕಿದೆ ಅಂದ್ರ ಕಬ್ಬಿನ ಸೀಸನ್ನಿನ್ಯಾಗ ಶಾಂತ ಇರೂದ್ರಿಂದ ಜೀವ ಉಳಿಯೂದು ಇಲ್ಲೇ. ಕಡದ ಕೂಡ್ಲೆ ಗಾಬರಿ ಆಗಿ ಓಡಿದ್ರ ವಿಷ ಲಗೂ ಮೈಗೆ ಏರತೈತಿ. ಕಡಸ್ಕೊಂಡವ್ರನ್ನ ಕುಂದರಸ್ರಿ, ಇಲ್ಲಾ ಮಲಗಸ್ರಿ, "ಬಹಳಷ್ಟು ಹಾವು ವಿಷದ್ದಲ್ಲ, ದವಾಖಾನಿಯಾಗ ಔಷಧಿ ಐತಿ" ಅಂತ ಧೈರ್ಯ ಹೇಳ್ರಿ, ಸುತ್ತ ಮಂದಿ ಅಳೂದು ಒದರೂದು ನಿಲ್ಲಸ್ರಿ. ಕಡದ ಕೈಕಾಲಿಗೆ ಕೋಲಿನ ಆಸರ ಕೊಟ್ಟು ಅಲುಗಾಡದಂಗ ಇಡ್ರಿ, ಉಂಗುರ, ಬಳಿ, ಕಾಲಚೈನ್ ತಗೀರಿ, 108ಕ್ಕ ಫೋನ್ ಹಚ್ರಿ. ಬಿಗಿಯಾಗಿ ದಾರ ಕಟ್ಟೂದು, ಬ್ಲೇಡಿನಿಂದ ಕೊಯ್ಯೂದು, ಬಾಯಿಂದ ಹೀರೂದು, ಮಂತ್ರಕ್ಕ ಒಯ್ಯೂದು ಬ್ಯಾಡ. ಹಾವ ಹುಡಿಕ್ಯಾಡಿ ಹೊಡ್ಯಾಕ ಟೈಮ್ ಕಳೀಬ್ಯಾಡ್ರಿ.

ವಾಟ್ಸಾಪ್

ಊರ ಗ್ರೂಪಿನ್ಯಾಗ, ಬೆಳಗಾವಿ ಕಡೆ ಆದ್ರ ಭಾಷಾ ವಿಷಯದಾಗ ಯಾರರ ಕೆಣಕಿದ್ರ, ಉತ್ತರ ಬರೀರಿ, ಆದ್ರ ನಿಮ್ಮ ಸ್ವಂತ ನಂಬರಿಗೆ ಕಳಿಸ್ಕೊಳ್ರಿ. ಮುಂಜಾನೆ ಎದ್ದು ಓದಿ, ಬೇಕಾದ್ರ ಗ್ರೂಪಿಗೆ ಹಾಕ್ರಿ. ಹತ್ತರಾಗ ಒಂಬತ್ತು ಹಾಕಂಗಿಲ್ಲ ನೀವು. ಕಳಿಸಿದ್ದನ್ನ ತಿದ್ದಾಕ 15 ನಿಮಿಷ ಐತಿ, ಅಳಿಸಾಕ ಎರಡ ದಿನದ ಮ್ಯಾಲೆ ಟೈಮ್ ಐತಿ, ಆದ್ರ ಸ್ಕ್ರೀನ್‌ಶಾಟ್ ಹೊಡಿಯಾಕ ಒಂದ ಸೆಕೆಂಡ್ ಸಾಕು.

ಮಂದಿ ಎಡವೂ ಜಾಗ

ಗಪ್ಪ ಇದ್ದು ತುಟಿ ಓರಿ ಮಾಡಿ ನಗೂದು, ಇದು ಬೈಗಳಕ್ಕಿಂತ ಕೆಟ್ಟ. ಎದುರಿನವ್ರು ಮಾತಾಡಾಗ ಮೊಬೈಲ್ ನೋಡೂದು. ಹೊರಗ ಶಾಂತ ಇದ್ದು ಮನಿಗೆ ಬಂದು ಹೆಂಡ್ತಿ ಮಕ್ಕಳ ಮ್ಯಾಲೆ ತೀರಿಸ್ಕೊಳ್ಳೂದು, ಇದನ್ನ ನಾನೂ ಮಾಡೀನಿ, ಸುಳ್ಳ ಯಾಕ ಹೇಳಲಿ, ಕೌಂಟರಿನ್ಯಾಗ ದೇವರಂಥ ಮನಷ್ಯಾ, ಮನ್ಯಾಗ ಚಹಾ ಆರಿತ್ತಂದ್ರ ಕಪ್ಪು ಎತ್ತಿ ಒಗೀತಿದ್ದೆ. ನುಂಗಿದ ಸಿಟ್ಟು ಎಲ್ಲಿಗೂ ಹೋಗಂಗಿಲ್ಲ, ಅದಕ್ಕ ಹೊಲದ ತನಕ ಜೋರು ನಡಿಗಿ, ಇಲ್ಲಾ ನೋಟ್‌ಬುಕ್ಕಿನ್ಯಾಗ ಎರಡ ಪುಟ ಬರಿಯೂದು, ಏನರ ಒಂದ ಹೊರದಾರಿ ಇರಬೇಕು. ಮತ್ತ ಒಂದ, ಒಮ್ಮೆ ಸೋತ್ರ ಬಿಟ್ಟುಬಿಡೂದು. ನಾನು ಈಗೂ ತಿಂಗಳಿಗೊಮ್ಮೆ ಒದರ್ತೀನಿ, ಮೊದಲ ದಿನಕ್ಕೊಮ್ಮೆ ಇತ್ತು.

ಯಾವಾಗ ಗಪ್ಪ ಇರಬಾರದು

ಹೊಡತ ಬಡತ ಇದ್ರ ಗಪ್ಪ ಇರಬ್ಯಾಡ್ರಿ. "ಸಂಸಾರ ಅಂದಮ್ಯಾಲ ಇದ್ದದ್ದ, ಸುಮ್ನಿರವ್ವಾ" ಅಂತ ಹೆಣ್ಮಕ್ಕಳಿಗೆ ಹೇಳೂ ಮಾತಿಗೆ ಈ ಲೇಖನದ ಆಧಾರ ಯಾರೂ ಕೊಡಬ್ಯಾಡ್ರಿ, ಅದಕ್ಕ ಕೌಟುಂಬಿಕ ದೌರ್ಜನ್ಯ ತಡಿಯೂ 2005ರ ಕಾಯ್ದೆನ ಐತಿ, 181 ಮಹಿಳಾ ಸಹಾಯವಾಣಿ, ತುರ್ತು ಅಂದ್ರ 112. ಮಕ್ಕಳ ಮ್ಯಾಲೆ ಏನರ ನಡದ್ರ 1098. ಹಂಗ ಎದಿ ಮ್ಯಾಲೆ ಭಾರ ಇಟ್ಟಂಗ ಆಗಿ ವಾರಗಟ್ಟಲೆ ನಿದ್ದಿ ಇಲ್ಲ, ಬದುಕ ಬ್ಯಾಡ ಅನಸತೈತಿ ಅಂದ್ರ ಅದು ಉಸಿರಾಟದಿಂದ ಹೋಗೂ ಸಿಟ್ಟಲ್ಲ, 14416 ಟೆಲಿ ಮಾನಸ್‌ಗೆ ಫೋನ್ ಹಚ್ರಿ, 2022ರಾಗ ಸರ್ಕಾರ ಶುರು ಮಾಡಿದ್ದು, ಪುಕಟ, ಹಗಲರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ.

ಕಡೀಗೆ ಎಲ್ಲಾರೂ ಕೇಳೂ ಒಂದ ಪ್ರಶ್ನೆ ಉಳೀತು. "ನಾ ಗಪ್ಪ ಇದ್ರ ಎದುರಿನಾಂವ, ಯಾಕಪಾ ಬಾಯಾಗ ನಾಲಗಿ ಇಲ್ಲೇನು ಅಂತಾನಲ್ಲ, ಆವಾಗ ಏನನ್ಬೇಕು?" ದವಡಿ ಸಡಲ ಬಿಟ್ಟು, ಒಂದ ಉಸಿರು ಹೊರಗ ಬಿಟ್ಟು, ಇಷ್ಟ ಅನ್ರಿ: "ಐತ್ರಿ. ನಿಮ್ಮದು ಮುಗೀಲಿ ಅಂತ ಕಾಯಾಕತ್ತೀನಿ."